ನಮ್ಮ ಜಿಲ್ಲೆಯ ಕಟ್ಟಡ ವಿದ್ಯೆ ಮತ್ತು ಇಂದಿನ ಇಂಜಿನಿಯರಿಂಗ್ ವಿದ್ಯಾರ್ಥಿ



ಪ್ರತಿ ವರ್ಷ ಸಿ.ಇ.ಟಿ. ಫಲಿತಾಂಶ ಬಂದಾಗ ನಮ್ಮ ಮುದ್ದೇಬಿಹಾಳದಲ್ಲಿ ಪೇಢೆ ಹಂಚುವ ಮನೆಗಳು ಹೆಚ್ಚುತ್ತಿವೆ. ಇದು ಸಂತೋಷದ ಸಂಗತಿ. ಆದರೆ ಒಂದೂವರೆ ವರ್ಷದ ನಂತರ ಅದೇ ಮನೆಗಳಲ್ಲಿ ಕೆಲವು ಹುಡುಗರು ತಲೆ ತಗ್ಗಿಸಿ ಕುಳಿತಿರುತ್ತಾರೆ. ಅವರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಈ ಲೇಖನ ಅವರಿಗಾಗಿ ಬರೆದದ್ದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರದ ಊರಿನ ಕಾಲೇಜೊಂದರಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಾನೆ. ಏಳನೆಯ ತರಗತಿಯವರೆಗೆ ಉರ್ದು ಮಾಧ್ಯಮ, ಆಮೇಲೆ ಕನ್ನಡ ಮಾಧ್ಯಮ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತು ದಾಟಿದ ಹುಡುಗ. ಕಳೆದ ರಜೆಯಲ್ಲಿ ಮನೆಗೆ ಬಂದವನು, "ಸರ, ಎರಡು ಸಲ ಬರದೀನ್ರಿ, ಎರಡೂ ಸಲ ಹೋಗ್ಯದ. ನನಗ ಇದು ಆಗಂಗಿಲ್ಲ, ಬಿಟ್ಟು ಬಿಡ್ತೀನಿ" ಎಂದ. ಹೋದದ್ದು ಯಾವ ವಿಷಯ ಎಂದು ಕೇಳಿದೆ. ಗಣಿತ ಒಂದು, 'ಸ್ಟ್ರೆಂತ್ ಆಫ್ ಮೆಟೀರಿಯಲ್ಸ್' ಇನ್ನೊಂದು. ಎರಡನೆಯದು ಅಂದರೆ ಏನಪ್ಪಾ ಎಂದೆ. ಸೂತ್ರಗಳನ್ನು ಗಡಗಡ ಹೇಳಿದ. ಆ ಸೂತ್ರ ಯಾತಕ್ಕೆ ಬೇಕು ಎಂದರೆ ಸುಮ್ಮನಾದ. ಅವನ ತಂದೆ ಗೌಂಡಿ ಕೆಲಸದವರು. ಮೂವತ್ತು ವರ್ಷದಿಂದ ಕಲ್ಲು, ಇಟ್ಟಿಗೆ, ಗಾರೆಯ ಜೊತೆಗೇ ಬಾಳಿದವರು. ಅಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ವಸ್ತುಗಳ ಬಲದ ಶಾಸ್ತ್ರ ಯಾತಕ್ಕೆ ಬೇಕು ಎಂದು ತಿಳಿಯದಿದ್ದರೆ ತಪ್ಪು ಹುಡುಗನದಷ್ಟೇ ಇರಲಾರದು ಎಂದು ನನಗೆ ಅನ್ನಿಸಿತು.

ನಾನು ಇಂಜಿನಿಯರ್ ಅಲ್ಲ, ಭಾಷೆ ಕಲಿಸುವ ಮೇಷ್ಟ್ರು. ನನಗೆ ಗೊತ್ತಿದ್ದ ದಾರಿ ಇತಿಹಾಸದ್ದು. ನಮ್ಮ ಜಿಲ್ಲೆಯಲ್ಲಿಯೇ ಇಂಜಿನಿಯರಿಂಗ್ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂದು ನೋಡೋಣ ಎಂದು ಹೊರಟೆ. ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನೀರಿನ ಮಾತು. 1565ರಲ್ಲಿ ನಮ್ಮ ತಾಲೂಕಿನ ರಕ್ಕಸಗಿ, ತಂಗಡಗಿಗಳ ಹೆಸರನ್ನು ಇತಿಹಾಸದ ಪುಸ್ತಕಕ್ಕೆ ಸೇರಿಸಿದ ಯುದ್ಧ ನಡೆಯಿತು. ತಾಳಿಕೋಟೆ ಯುದ್ಧ ಎಂದು ನೀವು ಓದಿರುವುದು ಅದನ್ನೇ. ಗೆದ್ದವರು ಯಾರು, ಸೋತವರು ಯಾರು ಎಂಬುದು ಪರೀಕ್ಷೆಗೆ ಬರುತ್ತದೆ. ಅದರ ನಂತರ ಆದದ್ದು ಪರೀಕ್ಷೆಗೆ ಬರುವುದಿಲ್ಲ. ವಿಜಾಪುರ ಪಟ್ಟಣ ಬೆಳೆಯಿತು, ಜನ ತುಂಬಿದರು, ಕುಡಿಯುವ ನೀರು ಸಾಲದಾಯಿತು. ನಮ್ಮದು ಬರದ ಸೀಮೆ. ಪಟ್ಟಣದ ಪಕ್ಕದಲ್ಲಿ ಹೊಳೆ ಇಲ್ಲ. ಕೃಷ್ಣೆ ದೂರ, ಭೀಮೆಯೂ ದೂರ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, 1579ರಲ್ಲಿ, ಚಾಂದ್ ಬಾವಡಿ ಕಟ್ಟಿದರು. ನಂತರ 1620ರಲ್ಲಿ ತಾಜ್ ಬಾವಡಿ ಆಯಿತು. ಪಶ್ಚಿಮಕ್ಕಿರುವ ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಪಟ್ಟಣದ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರನ್ನು ಊರೊಳಗೆ ಹರಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಕೊಳವೆ ಮಣ್ಣಿನದು, ಕುಂಬಾರನ ಒಲೆಯಲ್ಲಿ ಸುಟ್ಟದ್ದು. ಎತ್ತರದ ಕೆರೆಯಿಂದ ಇಳಿದು ಬರುವ ನೀರಿಗೆ ಒತ್ತಡ ಇರುತ್ತದೆ. ಮಣ್ಣಿನ ಕೊಳವೆ ಆ ಒತ್ತಡಕ್ಕೆ ಒಡೆಯುತ್ತದೆ. ಕಬ್ಬಿಣದ ಪೈಪು ಆಗ ಇರಲಿಲ್ಲ. ಏನು ಮಾಡಬೇಕು? ನಮ್ಮ ಹಿರಿಯರು ಎರಡು ಕೆಲಸ ಮಾಡಿದರು. ಕೊಳವೆಯ ಸುತ್ತ ಕಲ್ಲುಗಾರೆಯ ಕವಚ ಹಾಕಿ ನೆಲದಾಳದಲ್ಲಿ ಹೂಳಿದರು. ದಾರಿಯುದ್ದಕ್ಕೂ ಅಲ್ಲಲ್ಲಿ ಚೌಕಾಕಾರದ ಎತ್ತರದ ಗೋಪುರಗಳನ್ನು ಕಟ್ಟಿದರು. ಜನ ಅವುಗಳನ್ನು 'ಗಂಜ್' ಎನ್ನುತ್ತಾರೆ. ನೀರು ಕೊಳವೆಯಿಂದ ಗಂಜಿನೊಳಗೆ ಏರುತ್ತದೆ. ಮೇಲೆ ತೆರೆದಿರುವುದರಿಂದ ಒತ್ತಡ ಅಲ್ಲಿಯೇ ಸತ್ತುಹೋಗುತ್ತದೆ. ನೀರಿನೊಳಗಿನ ಕೆಸರು ತಳಕ್ಕೆ ಕೂರುತ್ತದೆ. ತಿಳಿಯಾದ ನೀರು ಮುಂದಿನ ಕೊಳವೆಗೆ ಇಳಿಯುತ್ತದೆ. ಒಂದೇ ಗೋಪುರದಿಂದ ಒತ್ತಡ ಇಳಿಸುವುದು, ಕೆಸರು ತೆಗೆಯುವುದು, ಓಣಿಗಳಿಗೆ ನೀರು ಹಂಚುವುದು, ಮೂರೂ ಆಯಿತು. ವಿಜಯಪುರಕ್ಕೆ ಹೋದಾಗ ನೀವೂ ಈ ಗೋಪುರಗಳನ್ನು ನೋಡಿರಬಹುದು. ಪಾಳುಬಿದ್ದ ಬುರುಜು ಎಂದುಕೊಂಡು ಮುಂದೆ ಹೋಗಿರುತ್ತೀರಿ. ನಾನೂ ಬಹಳ ವರ್ಷ ಹಾಗೆಯೇ ಹೋದವನು.

ಇನ್ನು ಗೋಲಗುಮ್ಮಟ. ಶಾಲಾ ಪ್ರವಾಸದಲ್ಲಿ ಎಲ್ಲರೂ ನೋಡಿದ್ದೇವೆ, ಎಲ್ಲರೂ ಮೇಲೆ ಹತ್ತಿ ಕೂಗಿದ್ದೇವೆ, ಪ್ರತಿಧ್ವನಿ ಎಷ್ಟು ಸಲ ಬಂತು ಎಂದು ಎಣಿಸಿ ಇಳಿದು ಬಂದಿದ್ದೇವೆ. ಪ್ರತಿಧ್ವನಿ ಅಲ್ಲಿಯ ದೊಡ್ಡ ಸಂಗತಿ ಅಲ್ಲ ಎಂದು ಹೇಳಿದರೆ ಗೈಡುಗಳು ನನ್ನ ಮೇಲೆ ಸಿಟ್ಟಾಗಬಹುದು. ಆದರೂ ಹೇಳುತ್ತೇನೆ. ದೊಡ್ಡ ಸಂಗತಿ ಬೇರೆ ಇದೆ.

ಮುಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದ. ಅವನ ಈ ಸಮಾಧಿಯ ಒಳಕೋಣೆ ಚೌಕಾಕಾರದ್ದು, ಒಂದೊಂದು ಬದಿ 135 ಅಡಿಗೂ ಸ್ವಲ್ಪ ಹೆಚ್ಚು. ನಡುವೆ ಒಂದೂ ಕಂಬವಿಲ್ಲ. ನೆಲದ ವಿಸ್ತೀರ್ಣ 18,000 ಚದರ ಅಡಿಗೂ ಮಿಕ್ಕಿದ್ದು. ಮೇಲಿನ ಗುಮ್ಮಟ ದುಂಡನೆಯದು, ಒಳಗಿನ ಅಡ್ಡಗಲ ಸುಮಾರು 124 ಅಡಿ. ಕೆಳಗೆ ಚೌಕ, ಮೇಲೆ ವೃತ್ತ. ಚೌಕದ ಮೇಲೆ ವೃತ್ತವನ್ನು ಕೂರಿಸುವುದು ಹೇಗೆ? ನೀವು ಒಂದು ಡಬ್ಬಿಯ ಮೇಲೆ ಬಟ್ಟಲು ಬೋರಲು ಹಾಕಿ ನೋಡಿ. ನಾಲ್ಕು ಮೂಲೆ ಖಾಲಿ ಉಳಿಯುತ್ತವೆ. ರೋಮ್ ನಗರದ ಪ್ಯಾಂಥಿಯನ್‌ನ ಗುಮ್ಮಟ ಇದಕ್ಕಿಂತ ಅಗಲವಾದದ್ದು. ಆದರೆ ಅದರ ಗೋಡೆಯೇ ದುಂಡಗಿದೆ, ಆದ್ದರಿಂದ ಅಲ್ಲಿ ಈ ಪ್ರಶ್ನೆ ಹುಟ್ಟಲೇ ಇಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಗುಮ್ಮಟದ ಭಾರ ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಗೋಡೆ ಆ ತಳ್ಳಿಗೆ ಬಗ್ಗಿದರೆ ಎಲ್ಲ ಮುಗಿಯಿತು. ಇಸ್ತಾಂಬುಲಿನ ಪ್ರಸಿದ್ಧ ಆಯಾ ಸೋಫಿಯಾ ಕಟ್ಟಡ 537ರಲ್ಲಿ ಮುಗಿಯಿತು. ಅದರ ಗುಮ್ಮಟ 558ರಲ್ಲಿ ಕುಸಿಯಿತು. ಮತ್ತೆ ಕಟ್ಟುವಾಗ ಗುಮ್ಮಟವನ್ನು ಇನ್ನೂ ಎತ್ತರಕ್ಕೆ ಎಬ್ಬಿಸಿದರು, ಯಾಕೆಂದರೆ ಗುಮ್ಮಟ ಚಪ್ಪಟೆಯಾದಷ್ಟೂ ಹೊರತಳ್ಳು ಹೆಚ್ಚು.

ವಿಜಾಪುರದ ಕುಶಲಿಗರು ಕಂಡುಕೊಂಡ ಉತ್ತರ ಹೀಗಿದೆ. ಕೋಣೆಯೊಳಗೆ ಎಂಟು ದೊಡ್ಡ ಕಮಾನುಗಳನ್ನು ಒಂದನ್ನೊಂದು ಹಾಯುವಂತೆ ಎಬ್ಬಿಸಿದರು. ಕಾಗದದ ಮೇಲೆ ಒಂದು ಚೌಕ ಬರೆಯಿರಿ. ಅದರ ಮೇಲೆಯೇ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ, ನಡುವೆ ಎಂಟು ಬದಿಯ ಆಕೃತಿ ಉಳಿಯುತ್ತದೆ. ಕಮಾನುಗಳು ನಿಂತಿರುವುದು ಆ ಗೆರೆಗಳ ಮೇಲೆ. ಅವು ಮೇಲೇರುತ್ತ ಕೋಣೆಯ ಬಾಯನ್ನು ಕಿರಿದು ಮಾಡುತ್ತ ಹೋಗಿ, ಸುಮಾರು 97 ಅಡಿ ಅಡ್ಡಗಲಕ್ಕೆ ತಂದು ನಿಲ್ಲಿಸುತ್ತವೆ. ಗುಮ್ಮಟ ಆ ಬಾಯಿಯ ಅಂಚಿನಲ್ಲಿ ಕೂತಿಲ್ಲ, ಸುಮಾರು ಹನ್ನೆರಡು ಅಡಿ ಹಿಂದಕ್ಕೆ ಸರಿದು ಕೂತಿದೆ. ಆ ಬಿಟ್ಟ ಜಾಗವೇ ನಾವು ಓಡಾಡಿ ಪಿಸುಗುಟ್ಟುವ ಗ್ಯಾಲರಿ! ಒಳಕ್ಕೆ ಚಾಚಿರುವ ಕಮಾನುಗಳ ತೂಕ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ, ಗುಮ್ಮಟ ಹೊರಕ್ಕೆ ತಳ್ಳುತ್ತದೆ. ಒಂದು ಇನ್ನೊಂದಕ್ಕೆ ಸರಿಹೋಗುತ್ತದೆ. ಜೇಮ್ಸ್ ಫರ್ಗ್ಯುಸನ್ ಮೊದಲಾದ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಬೆರಗಾದದ್ದು ಪ್ರತಿಧ್ವನಿಗಲ್ಲ, ಈ ಸಮತೋಲಕ್ಕೆ.

ಇದು ಒಬ್ಬ ಮಹಾನುಭಾವನ ತಲೆಯಲ್ಲಿ ಒಂದು ರಾತ್ರಿಯಲ್ಲಿ ಹೊಳೆದದ್ದೇ? ಅಲ್ಲ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕಟ್ಟಿದವನು ದಾಬೋಲಿನ ಯಾಕೂತ್ ಎಂದು ಹೇಳುತ್ತಾರೆ. ಆದರೆ ವಿಜಾಪುರದ ಜಾಮಿ ಮಸೀದಿಗೆ ಹೋಗಿ ತಲೆ ಎತ್ತಿ ನೋಡಿ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಶುರುವಾದ ಆ ಮಸೀದಿಯ ಗುಮ್ಮಟದ ಕೆಳಗೂ ಒಂದನ್ನೊಂದು ಹಾಯುವ ಕಮಾನುಗಳಿವೆ, ಅಳತೆ ಮಾತ್ರ ಸಣ್ಣದು. ಅಂದರೆ ಒಂದೆರಡು ತಲೆಮಾರಿನ ಉಸ್ತಾದರು, ಶಾಗಿರ್ದರು ಸಣ್ಣದರಲ್ಲಿ ಮಾಡಿ ನೋಡಿ, ಧೈರ್ಯ ಬಂದ ಮೇಲೆ ದೊಡ್ಡದಕ್ಕೆ ಕೈಹಾಕಿದರು. ಮುಂದೆ ಎರಡನೆಯ ಅಲಿ ಆದಿಲ್ ಶಾಹ ಇದನ್ನೂ ಮೀರಿಸಲು ಹೊರಟ ಬಾರಾ ಕಮಾನ್ ಅರ್ಧಕ್ಕೇ ನಿಂತಿತು. ಅದೂ ನಮ್ಮ ಪಾಠದ ಭಾಗವೇ.

ಇಬ್ರಾಹಿಂ ರೋಜಾದ ಶಾಸನದಲ್ಲಿ ಮಲಿಕ್ ಸಂದಲ್‌ನ ಹೆಸರು ಇದೆ, ಖರ್ಚಾದ ಹೊನ್ನಿನ ಲೆಕ್ಕವೂ ಇದೆ. ಅಲ್ಲಿಯ ಗೋರಿಯ ಕೋಣೆಯ ಕಲ್ಲಿನ ಚಾವಣಿ ಚಪ್ಪಟೆ, ಕೆಳಗೆ ಆಧಾರ ಕಾಣುವುದಿಲ್ಲ. ಕಲ್ಲಿಗೆ ಕಲ್ಲು ಗಾರೆಯ ಬಲದಿಂದಲೇ ಹಿಡಿದುಕೊಂಡು ನಿಂತಿದೆ. ವಿಜಾಪುರದ ಕಟ್ಟಡಗಳನ್ನು ಅಳೆದು 1916ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸೆನ್ಸ್ ಈ ಚಾವಣಿಯ ಧೈರ್ಯಕ್ಕೆ ಅಚ್ಚರಿಪಟ್ಟಿದ್ದಾರೆ.

ಇಷ್ಟೆಲ್ಲ ಹೇಳಿ ನಮ್ಮ ಬೆನ್ನು ನಾವೇ ಚಪ್ಪರಿಸಿಕೊಳ್ಳುವುದು ನನ್ನ ಉದ್ದೇಶವಲ್ಲ. ಸಭೆಗಳಲ್ಲಿ ಅದು ಸಾಕಷ್ಟು ನಡೆಯುತ್ತದೆ. ಆ ವಿದ್ಯೆ ಉಸ್ತಾದನ ಕೈಯಿಂದ ಶಾಗಿರ್ದನ ಕೈಗೆ ಹೋಗುತ್ತಿತ್ತು, ಎಲ್ಲರೂ ಓದುವ ಪುಸ್ತಕವಾಗಲಿಲ್ಲ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ವಿಜಾಪುರ ಬಿದ್ದಿತು. ಆಶ್ರಯ ಹೋಯಿತು, ಕೆಲಸಗಾರರು ಚದುರಿದರು, ಎಳೆ ಕಡಿಯಿತು. ಗೋಲಗುಮ್ಮಟದ ಲೆಕ್ಕವನ್ನು ಆಮೇಲೆ ಹೊರಗಿನವರು ಬಂದು ಅಳೆದು ನಮಗೆ ಹೇಳಬೇಕಾಯಿತು. ಪುಸ್ತಕ ಬೇಕು, ಸೂತ್ರವೂ ಬೇಕು. ನಾನು ಕೇಳುತ್ತಿರುವುದು ಸೂತ್ರಕ್ಕಿಂತ ಮೊದಲು ಪ್ರಶ್ನೆ ಎಲ್ಲಿ ಹೋಯಿತು ಎಂದು.

ಈಗಿನ ರೀತಿಯ ಇಂಜಿನಿಯರಿಂಗ್ ಕಾಲೇಜು ಕೂಡ ನಮ್ಮ ದೇಶದಲ್ಲಿ ಒಂದು ಕಷ್ಟದಿಂದಲೇ ಹುಟ್ಟಿತು. 1837-38ರಲ್ಲಿ ಉತ್ತರ ಭಾರತದಲ್ಲಿ ಭಯಂಕರ ಬರ ಬಿತ್ತು. ಅದರ ನಂತರ ಗಂಗಾ ಕಾಲುವೆ ತೋಡುವ ಯೋಜನೆ ಬಂತು. ಕಾಲುವೆ ತೋಡಲು ಅಳತೆ, ಲೆಕ್ಕ ಬಲ್ಲ ಜನ ಬೇಕಾದರು. ಹೀಗೆ 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ಆಯಿತು. ಕಾಲುವೆಗೆ ನೀರು ಬಿಟ್ಟದ್ದು 1854ರಲ್ಲಿ. ಅಂದರೆ ಮೊದಲ ವಿದ್ಯಾರ್ಥಿಗಳು ಓದುವಾಗ ಕಾಲುವೆಯ ಕೆಲಸ ಅವರ ಕಣ್ಣೆದುರಿಗೇ ನಡೆಯುತ್ತಿತ್ತು. ಅದೇ 1854ರಲ್ಲಿ ಪುಣೆಯಲ್ಲಿ ಲೋಕೋಪಯೋಗಿ ಇಲಾಖೆಗೆ ಕೆಳಹಂತದ ನೌಕರರನ್ನು ತಯಾರಿಸಲು ಒಂದು ಶಾಲೆ ತೆರೆದರು. ಸರಕಾರಕ್ಕೆ ಬೇಕಾಗಿದ್ದದ್ದು ಹೇಳಿದ್ದನ್ನು ಮಾಡುವ ಓವರ್‌ಸಿಯರುಗಳು. ಕಂಠಪಾಠದ ಚಾಳಿಯ ಬೇರು ಅಲ್ಲಿಯೂ ಸ್ವಲ್ಪ ಇದೆ ಎಂಬುದು ನನ್ನ ಅಭಿಪ್ರಾಯ.

ಆ ಪುಣೆ ಕಾಲೇಜಿಗೇ ಮುಂದೆ ನಮ್ಮ ವಿಶ್ವೇಶ್ವರಯ್ಯನವರು ಹೋದರು. ಅವರ ಭಾವಚಿತ್ರ ಪ್ರತಿ ಶಾಲೆಯಲ್ಲಿದೆ, ಸೆಪ್ಟೆಂಬರ್ 15ಕ್ಕೆ ಮಾಲೆ ಹಾಕುತ್ತೇವೆ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಓದಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮಾಡಿ, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, 1883ರಲ್ಲಿ ಮೊದಲ ಸ್ಥಾನ ಪಡೆದರು. ಈ ರ‍್ಯಾಂಕಿನ ಕಥೆಯನ್ನು ನಾವು ಮಕ್ಕಳಿಗೆ ಹೇಳಿ ಹೇಳಿ ಸವೆಸಿದ್ದೇವೆ. ಸಕ್ಕರ್ ಕಥೆಯನ್ನು ಹೇಳುವುದಿಲ್ಲ.

ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ 1894ರ ಸುಮಾರಿಗೆ ಅವರನ್ನು ಕಳಿಸಿದರು. ಸಿಂಧೂ ನದಿ ಪಕ್ಕದಲ್ಲೇ ಇದೆ, ಆದರೆ ನೀರು ರಾಡಿ. ಶುದ್ಧ ಮಾಡುವ ಮರಳಿನ ಸೋಸುತೊಟ್ಟಿಗಳನ್ನು ಕಟ್ಟಲು ಪುರಸಭೆಯ ಹತ್ತಿರ ಹಣವಿಲ್ಲ. ಪುಸ್ತಕದ ಉತ್ತರಕ್ಕೆ ಹಣ ಇಲ್ಲವಾದ್ದರಿಂದ ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳೇ ಸೋಸುವ ಕೆಲಸ ಮಾಡಿತು, ಬಾವಿಗೆ ತಿಳಿನೀರು ಬಂತು. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಹಳ್ಳದ ಮರಳಿನಲ್ಲಿ ವರ್ತಿ ತೋಡಿ ಹೆಣ್ಣುಮಕ್ಕಳು ನೀರು ತುಂಬುವುದನ್ನು ನೀವು ಕಂಡಿಲ್ಲವೇ? ತತ್ವ ಅದೇ. ಮುಂದೆ 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಬಂದವು. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕು, ಪ್ರವಾಹ ಬಂದರೆ ಅಣೆಗೆ ಅಪಾಯವೂ ಆಗಬಾರದು. ಮಿತಿ ಮೀರಿದ ನೀರೇ ಗೇಟನ್ನು ತೆರೆಯಿಸುವಂತೆ ಮಾಡಿದರು.

1917ರಲ್ಲಿ ಅವರು ಮೈಸೂರಿನ ದಿವಾನರಾಗಿದ್ದಾಗಲೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಆಗ ಸಿವಿಲ್ ಮತ್ತು ಮೆಕ್ಯಾನಿಕಲ್ ಎರಡೇ ವಿಭಾಗ. ಅತ್ತ ಕನ್ನಂಬಾಡಿ ಕಟ್ಟೆಯ ಕೆಲಸ 1911ರಿಂದ ನಡೆದಿತ್ತು. ಕಾಲೇಜಿನ ಮಕ್ಕಳಿಗೆ 'ಈ ಓದು ಯಾತಕ್ಕೆ' ಎಂದು ಬಿಡಿಸಿ ಹೇಳುವ ಅಗತ್ಯ ಆಗ ಬಿದ್ದಿರಲಾರದು.

ಇನ್ನೊಂದು ಪ್ರಯೋಗ ನಮಗೆ ಹತ್ತಿರದ್ದು, ಆದರೆ ನಾವು ಮರೆತದ್ದು. ರಾಯಚೂರು, ಗುಲ್ಬರ್ಗಾ, ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1918ರಲ್ಲಿ ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಸ್ಥಾಪನೆಯಾಯಿತು. ಅದಕ್ಕೆಂದೇ ಪುಸ್ತಕಗಳನ್ನು ಅನುವಾದಿಸಲು ದಾರುಲ್ ತರ್ಜುಮಾ ಎಂಬ ಸಂಸ್ಥೆ ಅದಕ್ಕೂ ಒಂದು ವರ್ಷ ಮೊದಲೇ ಇತ್ತು. 1929ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಸೇರಿತು. ಉರ್ದುವಿನಲ್ಲಿ ಇಂಜಿನಿಯರಿಂಗ್ ಕಲಿಯಲು ಬರುವುದಿಲ್ಲ ಎನ್ನುವವರು ಇದನ್ನು ತಿಳಿದಿರಬೇಕು. ಆದರೆ ಆ ಅನುವಾದಗಳಲ್ಲಿ ಕಟ್ಟಿದ ಅರಬ್ಬಿ, ಫಾರಸಿ ಪದಗಳು ಎಷ್ಟೋ ಸಲ ಹಳ್ಳಿಯ ಹುಡುಗನಿಗೆ ಇಂಗ್ಲಿಷಿನಷ್ಟೇ ದೂರವಾಗಿದ್ದವು ಎಂಬುದನ್ನೂ ಉರ್ದು ಮೇಷ್ಟ್ರಾಗಿ ನಾನು ಒಪ್ಪಬೇಕು. 1948ರ ನಂತರ ಆ ವಿಶ್ವವಿದ್ಯಾಲಯ ಇಂಗ್ಲಿಷಿಗೆ ಹೊರಳಿತು. 2021ರಲ್ಲಿ ಎ.ಐ.ಸಿ.ಟಿ.ಇ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಾಗ ನನಗೆ ಉಸ್ಮಾನಿಯಾ ನೆನಪಾಯಿತು. ಪದವಿ ಯಾವ ಭಾಷೆಯದೇ ಇರಲಿ, ಮೊದಲ ವರ್ಷ ಹುಡುಗನಿಗೆ ಪ್ರಶ್ನೆಯಾದರೂ ಅವನ ಮನೆಯ ಮಾತಿನಲ್ಲಿ ತಲುಪಬೇಕು.

ನಮ್ಮ ಭಾಗದಲ್ಲಿ ಕಾಲೇಜುಗಳಿಗೆ ಈಗ ಕೊರತೆಯಿಲ್ಲ. ಹುಬ್ಬಳ್ಳಿಯಲ್ಲಿ 1947ರಲ್ಲಿ, ಬಾಗಲಕೋಟೆಯಲ್ಲಿ 1963ರಲ್ಲಿ, ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯಿಂದ 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ಆದವು. ಭಟ್ಕಳದ ಅಂಜುಮನ್, ಗುಲ್ಬರ್ಗಾದ ಖಾಜಾ ಬಂದಾನವಾಜ್ ಸಂಸ್ಥೆಗಳೂ ಸುಮಾರು ಅದೇ ಕಾಲಕ್ಕೆ ಮುಂದೆ ಬಂದವು. ವಿಜಯಪುರದ ಸೆಕ್ಯಾಬ್ ಸಂಸ್ಥೆಯೂ ಒಂದನ್ನು ನಡೆಸುತ್ತಿದೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದು ಎಲ್ಲವನ್ನೂ ಒಂದೇ ಪಠ್ಯಕ್ರಮದ ಕೆಳಗೆ ತಂದಿತು. ಸೀಟು ಸಿಗುವುದು ಸುಲಭವಾಯಿತು. ನಮ್ಮ ತಂದೆ ತಾಯಂದಿರು ಸಾಲ ಮಾಡಿ ಕಳಿಸುತ್ತಾರೆ. ಹುಡುಗ ಹೋಗಿ ಕೂತ ದಿನದಿಂದ ಅವನಿಗೆ ಸಿಗುವುದು ಉತ್ತರಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಝೆರಾಕ್ಸ್ ನೋಟ್ಸು. ಪ್ರಶ್ನೆ ಏನಿತ್ತು ಎಂದು ಯಾರೂ ತೋರಿಸದಿದ್ದರೆ ಉತ್ತರ ಹೇಗೆ ನೆನಪಿನಲ್ಲಿ ಉಳಿದೀತು? ಇದನ್ನು ನಾವು ಹುಡುಗನ ಆಲಸ್ಯ ಎಂದು ಕರೆದು ಮುಗಿಸುತ್ತೇವೆ.

ಆ ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡು ಒಂದು ಭಾನುವಾರ ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಹೋದೆ. ತಂದೆ ಮೊದಲು ಒಪ್ಪಲಿಲ್ಲ, ಒಂದು ದಿನದ ಪಗಾರ ಹೋಗುತ್ತದೆ ಎಂದರು. ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಗೋಡಿ ಸಡಿಲಿದ್ರ ಕಮಾನ ಕಾಲು ಚಾಚ್ತದ್ರೀ ಸರ. ಇಲ್ಲಿ ಕಾಲು ಚಾಚದಂಗ ಹಿಡದಾರ ನೋಡ್ರಿ" ಎಂದರು. ಹುಡುಗ ಥಟ್ಟನೆ ಅಪ್ಪನ ಮುಖ ನೋಡಿದ. ಅವನು ಎರಡು ಸಲ ಬರೆದು ಬಿದ್ದಿದ್ದ ಪಾಠ ಅದೇ. ಕಮಾನಿನ ಕಾಲು ಎಷ್ಟು ಚಾಚುತ್ತದೆ ಎಂದು ಲೆಕ್ಕ ಹಾಕುವುದು ಅವನ ಸೂತ್ರ, ಯಾಕೆ ಚಾಚುತ್ತದೆ ಎಂದು ಕೈಯಿಂದ ಬಲ್ಲವರು ಅವನ ಅಪ್ಪ. ಒಂದೇ ಮನೆಯಲ್ಲಿ ಇಬ್ಬರೂ ಇದ್ದರು, ಇಬ್ಬರ ನಡುವೆ ಈ ಬಗ್ಗೆ ಮಾತೇ ಆಗಿರಲಿಲ್ಲ.

ಅಲ್ಲಿಂದ ಒಂದು ಗಂಜಿನ ಹತ್ತಿರ ಹೋದೆವು. ಅದು ಏನು ಕೆಲಸ ಮಾಡುತ್ತಿತ್ತು ಎಂದು ನಾನು ಹೇಳಲಿಲ್ಲ. ಕೊಳವೆ ಮಣ್ಣಿನದು, ಕೆರೆ ಎತ್ತರದಲ್ಲಿದೆ ಎಂದಷ್ಟೇ ಹೇಳಿದೆ. ಹತ್ತು ನಿಮಿಷ ಸುತ್ತ ತಿರುಗಿದ. ಒತ್ತಡದ ಉತ್ತರ ತಾನೇ ಹೇಳಿದ. ಕೆಸರಿನದು ಹೊಳೆಯಲಿಲ್ಲ, ಅದನ್ನು ಅಪ್ಪ ಹೇಳಿದರು.

ಈ ಸಲದ ಪರೀಕ್ಷೆಯಲ್ಲಿ 'ಸ್ಟ್ರೆಂತ್ ಆಫ್ ಮೆಟೀರಿಯಲ್ಸ್' ಪಾಸಾಗಿದೆ, ಗಣಿತ ಇನ್ನೂ ಉಳಿದಿದೆ. ಕಾಲೇಜು ಬಿಟ್ಟಿಲ್ಲ. ಮೊನ್ನೆ ಫೋನು ಮಾಡಿದ್ದ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ನಮ್ಮೂರಿನಿಂದ ಗಂಟೆಯೊಳಗಿನ ದಾರಿ. ಅಲ್ಲಿಯ 26 ಗೇಟುಗಳನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. "ಸರ, ಆ ಗೇಟು ಚಪ್ಪಟೆ ಇಲ್ಲ, ಹೊಳಿ ಕಡೆ ಬಾಗ್ಯಾವ. ಯಾಕ್ರಿ?" ಎಂದು ಕೇಳಿದ. ನನಗೆ ಗೊತ್ತಿಲ್ಲಪ್ಪ, ನೀನೇ ನೋಡಿಕೊಂಡು ಬಂದು ಹೇಳು ಎಂದಿದ್ದೇನೆ.